ವಸಂತದ ಬೆನ್ನು ಹತ್ತಿದ ಅತ್ತಿಗೆ

ಬುದ್ಧಿ ನೆಟ್ಟಗಿರುವವರು ಚಳಿ ಒಮ್ಮೆ ಮುಗಿದರೆ ಸಾಕು ಎಂದು ಕಾಯುತ್ತಾರೆ. ನನ್ನ ಅತ್ತಿಗೆ ಮುಗಿದ ಚಳಿಯನ್ನು ಹುಡುಕಿಕೊಂಡು ಹೋಗುತ್ತಾರೆ! ಅಮೆರಿಕದಲ್ಲಿ ಅವರಿರುವ ಜರ್ಸಿ ಸಿಟಿಯ ಜನ ಕೋಟು ಬಿಚ್ಚಿ ನ್ಯೂವಾರ್ಕಿನ ಪಾರ್ಕಿಗೆ ಚೆರ್ರಿ ಹೂ ನೋಡಲು ಹೊರಟಾಗ, ಇವರು ಬಿಚ್ಚಿಟ್ಟ ಕೋಟನ್ನೇ ಮತ್ತೆ ತೊಟ್ಟು, ಹೆಗಲಿಗೆ ಕ್ಯಾಮೆರಾ ಏರಿಸಿ, ಐದು ಗಂಟೆ ಉತ್ತರಕ್ಕಿರುವ ಅಡಿರಾಂಡ್ಯಾಕ್ ಕಾಡಿನ ಕಡೆ ಹೊರಡುತ್ತಾರೆ. ಅಲ್ಲಿ ಆಗ ಏನಿರುತ್ತದೆ ಎನ್ನುತ್ತೀರಿ? ಕೆಸರು. ಕಿರಾಣಿ ಅಂಗಡಿಯ ಹಿಂದೆ ಮಸಿ ಹಿಡಿದ ಹಿಮದ ಗುಡ್ಡೆ. ದಡದಲ್ಲಿ ಮಗುಚಿ ಹಾಕಿದ ದೋಣಿಗಳು. ಪ್ರವಾಸಿಗರು ಬರುವವರೆಗೆ ಬಾಗಿಲು ಹಾಕಿಕೊಂಡಿರುವ ಐಸ್‌ಕ್ರೀಮ್ ಅಂಗಡಿ. ಅತ್ತಿಗೆಯ ಲೆಕ್ಕದಲ್ಲಿ ಇವೆಲ್ಲ ‘ಸೀನರಿ’.

ಅತ್ತಿಗೆ ಧಾರವಾಡದವರು, ನಾವು ಮೈಸೂರಿನವರು. ವಾರವಿಡೀ ಮ್ಯಾನ್‌ಹಟನ್ನಿನ ಒಂದು ಆಫೀಸಿನಲ್ಲಿ ಬೇರೆಯವರ ತಪ್ಪು ಹುಡುಕುವುದು ಅವರ ಉದ್ಯೋಗ, ಅಂದರೆ ಆಡಿಟ್. ಶನಿವಾರ ಬಂದರೆ ಆ ಕಣ್ಣನ್ನು ಕಾಡಿನ ಮೇಲೆ ಬಿಡುತ್ತಾರೆ. ಅಣ್ಣನಿಗೆ ಈ ತಿರುಗಾಟ ಎಂದೂ ಸೇರಿದ್ದಿಲ್ಲ. ಹೀಗಾಗಿ ಟ್ರೈಪಾಡ್ ಹೊರುವ ಭಾಗ್ಯ ಪಕ್ಕದ ಊರು ಸೀಕಾಕಸ್‌ನಲ್ಲಿ ಒಂಟಿಯಾಗಿ ಬಿದ್ದಿರುವ ಮೈದುನನದು, ಎಂದರೆ ನನ್ನದು. ಈ ವರ್ಷ ಮಾತ್ರ ಅಣ್ಣನೂ ಬಂದ, ಅಥವಾ ಅವನನ್ನು ಕರೆತರಲಾಯಿತು. ಮಾರ್ಚಿನಲ್ಲಿ ಅವನಿಗೆ ಬೈಪಾಸ್ ಆಗಿತ್ತು. ಆ ವಿಷಯಕ್ಕೆ ಬರುವ ಮೊದಲು ಅತ್ತಿಗೆಯ ಮಹಿಮೆಯನ್ನು ಸ್ವಲ್ಪ ಹೇಳದಿದ್ದರೆ ನಿಮಗೆ ಪೂರ್ತಿ ಅರ್ಥವಾಗದು.

ಅಲ್ಲಿನ ಮೊದಲ ಹೂಗಳು ಕೊತ್ತಂಬರಿ ಕಾಳಿನಷ್ಟಿರುತ್ತವೆ. ಅವನ್ನು ಹಿಡಿಯಲು ಅತ್ತಿಗೆ ಸಲ್ವಾರ್ ಮೇಲೆ ರೇನ್‌ಕೋಟು ಹಾಕಿ ರಸ್ತೆಬದಿಯಲ್ಲಿ ಅಂಗಾತವಲ್ಲ, ಮಕಾಡೆ ಮಲಗುತ್ತಾರೆ. ಒಮ್ಮೆ ಟ್ರಕ್ಕಿನವನೊಬ್ಬ ಹೆಂಗಸು ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆಂದು ಗಾಬರಿಯಿಂದ ಇಳಿದು ಓಡಿಬಂದ. ಅತ್ತಿಗೆ ತಲೆ ಎತ್ತದೆ, ಸದ್ದು ಮಾಡಬೇಡ ಎಂದು ಕೈ ಮಾತ್ರ ಎತ್ತಿದರು. ಏನಪ್ಪಾ ಅದು ಎಂದು ಅವನು ಬಗ್ಗಿದ, ಮಂಡಿಯೂರಿದ, ಕಡೆಗೆ ಅವನೂ ಮಲಗಿಬಿಟ್ಟ! ಆಮೇಲೆ ಕಾರು ನಿಲ್ಲಿಸಿದವರೆಲ್ಲ ಇಬ್ಬರು ನೆಲಕ್ಕುರುಳಿರುವಾಗ ಟ್ರೈಪಾಡ್ ಹಿಡಿದು ನೆಟ್ಟಗೆ ನಿಂತಿದ್ದ ನನ್ನನ್ನೇ ಸಂಶಯದಿಂದ ನೋಡಿದರು. ಇವರಿಬ್ಬರಿಗೂ ಏನು ಮಾಡಿದೆ ಎಂದು ಕೇಳಿದವರೂ ಉಂಟು.

ಇನ್ನೊಂದು ವರ್ಷ ಸಣ್ಣ ಊರೊಂದರಲ್ಲಿ ಮುಚ್ಚಿದ್ದ ಮೋಟೆಲ್ ಕಣ್ಣಿಗೆ ಬಿತ್ತು. ಹಸಿರು ಬಣ್ಣ ಉದುರಿದ ಬಾಗಿಲುಗಳು, ವರಾಂಡದಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ಅತ್ತಿಗೆ ಮುಂದಿನಿಂದ, ಹಿಂದಿನಿಂದ, ಮೂಲೆಮೂಲೆಯಿಂದ ಫೋಟೋ ತೆಗೆದರು. ಅಮೆರಿಕದ ಸಣ್ಣ ಊರುಗಳ ಮೋಟೆಲ್‌ಗಳನ್ನು ಎಷ್ಟೋ ಕಡೆ ನಡೆಸುವವರು ಗುಜರಾತಿಗಳು ಎಂದು ನಮಗೆಲ್ಲ ಗೊತ್ತಲ್ಲ? ಆ ಊರಿನವರಿಗೂ ಗೊತ್ತಿತ್ತು! ನಾವು ಎದುರಿನ ಡೈನರ್‌ನಲ್ಲಿ ಕಾಫಿ ಮುಗಿಸುವಷ್ಟರಲ್ಲಿ ಮೋಟೆಲ್ ಮಾರಾಟವಾಗಿದೆ ಎಂಬ ಸುದ್ದಿ ಊರು ಸುತ್ತಿ ನಮ್ಮ ಟೇಬಲ್ಲಿಗೇ ಬಂತು. ಒಬ್ಬರು ಬಂದು ಕೈಕುಲುಕಿದರು. ಇನ್ನೊಬ್ಬರು ಹಿಂದಿನ ಮೂರು ಕೋಣೆ ಸೋರುತ್ತವೆ, ಬೆಲೆ ಇಳಿಸಿ ಕೇಳಿ ಎಂದು ಪಿಸುಗುಟ್ಟಿದರು. ಕೊನೆಗೆ ವಯಸ್ಸಾದ ಮಾಲೀಕರೇ ಕೀಲಿ ಗೊಂಚಲಿನೊಂದಿಗೆ ಹಾಜರು.

ಇಲ್ಲ ಎಂದು ಹೇಳಿಬಿಡಿ ಅತ್ತಿಗೆ ಎಂದು ಮೊಣಕೈಯಿಂದ ತಿವಿದೆ. ಅತ್ತಿಗೆಯೇನೋ ಸತ್ಯವನ್ನೇ ಹೇಳಿದರು. ಆದರೆ ಆ ಮುದುಕರ ಮುಖ ಸಣ್ಣದಾದದ್ದನ್ನು ನೋಡಲಾರದೆ, ಕೋಣೆಗಳನ್ನು ತೋರಿಸಿದರೆ ಸಂತೋಷ ಎಂದೂ ಸೇರಿಸಿದರು. ಮಧ್ಯಾಹ್ನವೆಲ್ಲ ಅವರು ತೋರಿಸಿದರು, ನಾವು ನೋಡಿದೆವು. ಯಾವ ಕೋಣೆಗೆ ಯಾವ ಮದುಮಕ್ಕಳು ಬಂದಿದ್ದರು, ಯಾರ ನಾಯಿ ಯಾವ ಪರದೆ ಹರಿಯಿತು, ಎಲ್ಲ ಕೇಳಿಸಿಕೊಂಡೆವು. ಕೊಳ್ಳದವರಿಗೆ ಅಷ್ಟು ಖುಷಿಯಿಂದ ಕೋಣೆ ತೋರಿಸಿದವರನ್ನು ನಾನು ಮತ್ತೆ ಕಂಡಿಲ್ಲ. ಈಗಲೂ ಅವರು ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತಾರೆ.

ಈಗ ಅಣ್ಣನ ವಿಷಯ. ಅವನ ಹೃದಯ ಚೆನ್ನಾಗಿ ರಿಪೇರಿಯಾಗಿತ್ತು. ಧೈರ್ಯಕ್ಕೆ ಮಾತ್ರ ಯಾವ ಡಾಕ್ಟರೂ ಕೈ ಹಾಕಿರಲಿಲ್ಲ. ನಡೆಯಬೇಕು, ದಿನವೂ ನಡೆಯಬೇಕು ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಅಣ್ಣ ಸೋಫಾದಿಂದ ಬಚ್ಚಲಿಗೆ, ಬಚ್ಚಲಿನಿಂದ ಸೋಫಾಕ್ಕೆ, ಅದೂ ಗೋಡೆ ಹಿಡಿದುಕೊಂಡು. ಕೆಮ್ಮು ಬಂದಾಗ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕೆಂಪು ದಿಂಬನ್ನು ಕೆಮ್ಮಿಲ್ಲದಾಗಲೂ ಅಪ್ಪಿಕೊಂಡೇ ಇರುತ್ತಿದ್ದ. ಎದ್ದರೆ ಎದೆ ಬಿರಿಯುತ್ತದೆ ಎಂಬ ಭಯ. ಹೀಗೇ ಕೂತುಬಿಟ್ಟರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂದು ಡಾಕ್ಟರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅತ್ತಿಗೆ ಬೈದರು, ಬೇಡಿಕೊಂಡರು, ಮಾತು ಬಿಟ್ಟರು. ಯಾವುದಕ್ಕೂ ಅವನು ಅಲುಗಲಿಲ್ಲ. ಎತ್ತರದ ಅಪಾರ್ಟ್‌ಮೆಂಟಿನ ಕಿಟಕಿಯ ಕೆಳಗೆ ಚೆರ್ರಿ ಅರಳಿತು, ಉದುರಿತು, ಎಲೆಯೂ ಬಂತು.

ಒಂದು ದಿನ ಅಣ್ಣ ನನ್ನ ಮುಖ ನೋಡದೆ, “ಈ ಸಲದ ಸ್ಪ್ರಿಂಗ್ ಮುಗಿದೇ ಹೋಯ್ತು ಕಣೋ,” ಎಂದ. ಅವನು ಹೇಳಿದ್ದು ಹೂವಿನ ವಿಷಯವನ್ನಲ್ಲ ಎಂದು ನನಗೆ ತಿಳಿಯಿತು.

ಅಡುಗೆಮನೆಯಿಂದ ಅತ್ತಿಗೆ ಹೊರಗೆ ಬಂದರು. “ಇಲ್ಲಿ ಮುಗೀತಂದ್ರ ಎಲ್ಲಾ ಕಡೆ ಮುಗೀತೇನ್ರಿ? ಐದು ತಾಸು ಗಾಡಿ ಹೊಡದ್ರ ಅಲ್ಲಿ ಈಗ ಶುರು ಆಗಿರ್ತದ.”

ಅಷ್ಟು ವರ್ಷ ಅವರ ಬ್ಯಾಗು ಹೊತ್ತ ನನಗೂ ಹೊಳೆಯದ ಮಾತು ಅದು. ವಸಂತ ಎಲ್ಲ ಊರಿಗೂ ಒಂದೇ ದಿನ ಬರುವುದಿಲ್ಲ. ದಕ್ಷಿಣದಿಂದ ನಡೆದುಕೊಂಡು, ನಿಧಾನವಾಗಿ ಉತ್ತರಕ್ಕೆ ಹೋಗುತ್ತದೆ. ತಪ್ಪಿಸಿಕೊಂಡವರು ಹಿಂದಿನಿಂದ ಹೋಗಿ ಹಿಡಿಯಬಹುದು. ಅತ್ತಿಗೆಗೆ ದಿಕ್ಕು ತಪ್ಪಿದೆ ಎಂದು ನಗುತ್ತಿದ್ದ ನಾವೇ ದಿಕ್ಕು ತಿಳಿಯದವರು.

ಮೇ ಕೊನೆಯ ವಾರ ಹೊರಟೆವು. ಹಿಂದಿನ ಸೀಟಿನಲ್ಲಿ ಅಣ್ಣ, ಅವನ ತೋಳಿನಲ್ಲಿ ಕೆಂಪು ದಿಂಬು. ದಾರಿಯುದ್ದಕ್ಕೂ ‘ನಾನು ಕಾರಿನಿಂದ ಇಳಿಯುವುದಿಲ್ಲ’ ಎಂಬ ಒಂದೇ ರಾಗ ಅವನದು. ಕಾಡಿನ ಅಂಚಿಗೆ ಬಂದಾಗ ಮರಗಳಲ್ಲಿ ಎಲೆ ಆಗತಾನೇ ಚಿಗುರುತ್ತಿತ್ತು. ನೆಲದ ಮೇಲೆ ಮೂರೆಸಳಿನ ಬಿಳಿ ಹೂಗಳು. ಅತ್ತಿಗೆ ಕಾರಿನ ಪಕ್ಕದಲ್ಲೇ ಒಂದು ಹೂವಿನ ಮುಂದೆ ಮಲಗಿದರು.

“ರೀ, ಗಾಳಿಗೆ ಹೂ ಅಳ್ಳಾಡಾಕತ್ತದ. ಸ್ವಲ್ಪ ಅಡ್ಡ ನಿಲ್ರಿ,” ಎಂದರು.

ನಾನಿದ್ದೇನಲ್ಲ ಎಂದು ಮುಂದಾದೆ. ನೀ ಭಾಳ ತೆಳ್ಳಗಿದ್ದಿ, ನಿನ್ನಿಂದ ಆಗೂದಿಲ್ಲ ಎಂದು ನನ್ನನ್ನು ತಳ್ಳಿಹಾಕಿದರು. ಅಣ್ಣ ಗೊಣಗುತ್ತಾ ಇಳಿದು ನಿಂತ. ಕ್ಲಿಕ್. ಮುಂದಿನ ಹೂ ನಾಲ್ಕು ಹೆಜ್ಜೆ ಆಚೆಗಿತ್ತು. ಅದಕ್ಕೂ ಗಾಳಿಯಂತೆ. ಅದರ ಮುಂದಿನದು ಇನ್ನೂ ಆಚೆ. ಅಣ್ಣ ಮುತ್ತಿ ಕಚ್ಚುವ ಕರಿ ನೊಣಗಳನ್ನು ಬೈಯುತ್ತಾ, ಹೆಂಡತಿಯನ್ನು ಬೈಯುತ್ತಾ, ಜಾಕೆಟ್ಟನ್ನು ಎರಡೂ ಕಡೆ ಅಗಲಿಸಿ ಹಿಡಿದು ಹೂವಿನಿಂದ ಹೂವಿಗೆ ನಡೆದ. ಎರಡು ಕೈಯೂ ಜಾಕೆಟ್ಟಿಗೆ ಬೇಕಾಗಿದ್ದರಿಂದ ದಿಂಬನ್ನು ಯಾವಾಗಲೋ ನನ್ನ ಕೈಗೆ ತುರುಕಿದ್ದ. ತಿರುಗಿ ನೋಡಿದರೆ ನಮ್ಮ ಕಾರು ಕಾಣಿಸುತ್ತಿರಲಿಲ್ಲ.

ಆಗಲೇ ಕ್ಯಾಮೆರಾದ ಕಡೆ ನನ್ನ ಕಣ್ಣು ಹೋಯಿತು. ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ! ಊರವರ ತಪ್ಪೆಲ್ಲ ಹಿಡಿಯುವ ಅತ್ತಿಗೆಗೆ ಇಷ್ಟು ಹೊತ್ತಾದರೂ ಅದು ತಿಳಿದಿಲ್ಲವಲ್ಲ ಎಂದುಕೊಂಡೆ. ಹೇಳೋಣವೆಂದು ಬಗ್ಗಿದೆ. ಅವರು ಕ್ಯಾಮೆರಾದೊಳಗೆ ನೋಡುತ್ತಲೇ ಇರಲಿಲ್ಲ. ಕೆಸರಿನಲ್ಲಿ ಗಲ್ಲವಿಟ್ಟುಕೊಂಡು, ಮುಂದೆ ಹೋಗುತ್ತಿದ್ದ ಅಣ್ಣನ ಬೂಟುಗಳನ್ನು ನೋಡುತ್ತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ದೂರದಿಂದ ಅಣ್ಣ ಕೂಗಿದ, “ಏನೇ, ಇಲ್ಲಿ ಇನ್ನೂ ಚೆನ್ನಾಗಿರೋದೊಂದಿದೆ. ನಾನು ಅಡ್ಡ ನಿಂತಿರ್ತೀನಿ, ನೀನು ನಿಧಾನವಾಗಿ ಬಾ.”

ನಾನು ಕೈ ಕೊಟ್ಟೆ, ಅತ್ತಿಗೆ ಎದ್ದರು. ಮುಖ ಒರೆಸಿಕೊಂಡು, ಮುಚ್ಚಳ ಹಾಕಿದ ಕ್ಯಾಮೆರಾವನ್ನೇ ಎದೆಗೆ ಹಿಡಿದು ಅವನ ಕಡೆಗೆ ನಡೆದರು. ನಾನು ಕೆಂಪು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆ ಹೊರಟೆ.