ಭಾವನಿಗೆ ಕೊಟ್ಟ ನನ್ನ ಮಾತ್ರೆ

ವಯಸ್ಸಾದ ಹಾಗೆಲ್ಲ ನಾಲಿಗೆಯ ಆಸೆ ಕಡಿಮೆಯಾಗುತ್ತದೆ ಎನ್ನುವವರು ಸಾತನೂರಿನಲ್ಲಿರುವ ನಮ್ಮಕ್ಕನ ಅಡುಗೆಮನೆ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಬೇಕು. ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುವಾಗಿನ ಘಮಕ್ಕೆ ನಿವೃತ್ತಿ ವಯಸ್ಸು ಅನ್ನುವುದೇ ಗೊತ್ತಿಲ್ಲ. ನಾನಂತೂ ಅರವತ್ತೆರಡು ತುಂಬಿದ ಮೇಲೂ ತಿಂಗಳಿಗೆರಡು ಭಾನುವಾರ ರಾಮನಗರದಿಂದ ಕನಕಪುರಕ್ಕೆ, ಅಲ್ಲಿಂದ ಸಾತನೂರಿಗೆ ಬಸ್ಸು ಬದಲಿಸಿಕೊಂಡು, ಎರಡು ಮುದ್ದೆ ನುಂಗುವುದಕ್ಕೆಂದೇ ಹೋಗುತ್ತಿದ್ದೆ.

ಮೂವತ್ತು ವರ್ಷ ಊರವರ ಕರೆಂಟ್ ಮೀಟರ್ ಓದಿದವನು ನಾನು. ಹೋದ ವರ್ಷ ನನ್ನ ರಕ್ತದ ರೀಡಿಂಗ್ ಬಂತು. ನಮ್ಮ ಡಾಕ್ಟರಮ್ಮ ರಿಪೋರ್ಟು ನೋಡಿ, ಕೊಲೆಸ್ಟ್ರಾಲ್ ಹೆಚ್ಚಾಗಿದೆ, ಊಟವಾದ ಮೇಲೆ ದಿನಾ ಒಂದು ಮಾತ್ರೆ ಎಂದರು. ಬೇರೆ ಯಾವ ಮಾತ್ರೆ ತಗೋತೀರಿ, ಲಿವರ್ ಹೇಗಿದೆ ಎಂದೆಲ್ಲ ವಿಚಾರಿಸಿದರು. ಮೈಕೈ ನೋವು ಬಂದರೆ ತಕ್ಷಣ ಬಂದು ಹೇಳಬೇಕು ಎಂದರು. ನಾನು ತಲೆಯಾಡಿಸುತ್ತಲೇ ಇದ್ದೆ. ಮನಸ್ಸು ಮಾತ್ರ ಸಾತನೂರಿನಲ್ಲಿತ್ತು. ಕೊನೆಗೆ, "ಕೋಳಿ ತಿನ್ನಬಹುದಾ ಮೇಡಂ?" ಎಂದೆ. "ಚರ್ಮ ತೆಗೆದು, ಎಣ್ಣೆ ಕಡಿಮೆ ಹಾಕಿ, ಎರಡು ತುಂಡು" ಎಂದರು. ನಮ್ಮಕ್ಕನ ಸಾರಿನಲ್ಲಿ ಎರಡು ತುಂಡು ಎಂದರೆ ಉಪ್ಪು ನೋಡುವುದಕ್ಕೂ ಸಾಲದು.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟಾಗ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿದಿತ್ತು. ನಾನು ಉಬ್ಬಿಹೋದೆ. ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಭಾವನಿಗೆ ತೋರಿಸಿದೆ. ಭಾವನಿಗೂ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಜಾತಿಯ ಕೊಬ್ಬು ಏರಿ, ಕನಕಪುರದ ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದರು.

"ನಂದು ಒಸೀನೂ ಇಳ್ದಿಲ್ಲ ಕಣ್ಲಾ. ನಿನ್ ಮಾತ್ರೆ ಚೆಂದಾಗೈತೆ, ನಂಗೂ ಕೊಡು" ಎಂದರು ಭಾವ.

ಯಾರಾದರೂ ನನ್ನನ್ನು ಸಲಹೆ ಕೇಳಿ ಯಾವ ಕಾಲವಾಗಿತ್ತೋ! ನನ್ನ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ಹೆಚ್ಚಿಗೆ ಮಾತ್ರೆ ತಂದುಕೊಟ್ಟೆ. "ಅದನ್ನೂ ತಗೊಳ್ಳಿ, ಇದನ್ನೂ ತಗೊಳ್ಳಿ ಭಾವ. ಕೊಬ್ಬು ಎರಡು ಕಡೆಯಿಂದಲೂ ಓಡುತ್ತೆ" ಎಂದು ಗಂಭೀರವಾಗಿ ಹೇಳಿದ್ದೂ ನಾನೇ.

ಮೂರು ವಾರಕ್ಕೆ ಅಕ್ಕನ ಫೋನ್ ಬಂತು. "ಲೋ, ನಿಮ್ ಭಾವಂಗೆ ತೊಡೆ, ತೋಳು ಎಲ್ಲಾ ಹೊಡ್ದಾಕ್ದಂಗೆ ನೋಯ್ತಾವಂತೆ. ಹಾಲು ಕರಿಯಕ್ಕೆ ಕುಂತೋರು ಏಳಕ್ಕೇ ಆಗ್ನಿಲ್ಲ. ಉಚ್ಚೆ ಕಾಪಿ ಡಿಕಾಕ್ಷನ್ ಇದ್ದಂಗೆ ಬತ್ತಾ ಐತೆ ಕಣ್ಲಾ."

ಡಾಕ್ಟರಮ್ಮ ಹೇಳಿದ್ದ ಮಾತು ಆಗ ನೆನಪಾಯಿತು. ಎರಡೂ ಮಾತ್ರೆ ನಿಲ್ಲಿಸಿ, ಚೀಟಿ ಸಮೇತ ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಹೇಳಿ ನಾನೂ ಓಡಿದೆ. ಕನಕಪುರದ ಡಾಕ್ಟರು ನನ್ನ ಮಾತ್ರೆಯ ಹಾಳೆಯನ್ನು ಎತ್ತಿ ಹಿಡಿದು, "ಇದನ್ನ ಯಾರು ಕೊಟ್ಟಿದ್ದು?" ಎಂದರು.

"ನಾನು ಸಾರ್."

"ನೀವು ಡಾಕ್ಟರಾ?"

"ಇಲ್ಲ ಸಾರ್, ಮೀಟರ್ ರೀಡರ್."

ಅವರು ನಗಲಿಲ್ಲ. "ಈ ಎರಡು ಮಾತ್ರೆ ಒಟ್ಟಿಗೆ ಸೇರಿ ಇವರ ಸ್ನಾಯು ಕರಗೋಕೆ ಶುರುವಾಗಿದೆ. ಇನ್ನೂ ತಡ ಮಾಡಿದ್ರೆ ಕಿಡ್ನಿ ಹೋಗ್ತಿತ್ತು. ಜೊತೆಗೆ ಯಾವುದನ್ನ ಕೊಡಬಹುದು, ಯಾವುದನ್ನ ಕೊಡಬಾರದು ಅಂತ ನೋಡೋಕೆ ನಾವಿದ್ದೀವಲ್ಲ?" ಎಂದರು.

ಭಾವ ಐದು ದಿನ ಡ್ರಿಪ್ ಹಾಕಿಸಿಕೊಂಡು ಹುಷಾರಾದರು. ಆ ಐದು ದಿನವೂ ಅಕ್ಕ ನನ್ನ ಮುಖ ನೋಡಲಿಲ್ಲ. ಮನೆಗೆ ಹೊರಡುವಾಗ ಮಾತ್ರ, "ಮಾತ್ರೆ ಏನು ಕಡ್ಲೆಪುರೀನೇನ್ಲಾ, ಹಂಚಕ್ಕೆ?" ಎಂದಳು.

ಆಮೇಲೆ ಎರಡು ತಿಂಗಳು ಅವಳ ಫೋನಿಲ್ಲ. ಭಾನುವಾರ ಬಂದರೆ ಪೇಪರ್ ತರುವ ನೆಪದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಕನಕಪುರದ ಬಸ್ಸು ಹೊರಡುವವರೆಗೂ ನಿಂತು ಮನೆಗೆ ಬರುತ್ತಿದ್ದೆ. ನನ್ನ ಹೆಂಡತಿ ಪಾಪ, ಕೇಳಿದ್ದೆಲ್ಲ ಮಾಡಿ ಬಡಿಸಿದಳು. ಬಾಯಿಗೆ ರುಚಿ ಹತ್ತಲಿಲ್ಲ. ನನಗೆ ಬೇಕಾಗಿದ್ದು ಸಾರಲ್ಲ, "ಇನ್ನೊಂದು ಮುದ್ದೆ ಉಣ್ಲಾ" ಅನ್ನುವ ಆ ಗದರಿಕೆ ಎಂದು ತಿಳಿಯುವುದಕ್ಕೆ ಎರಡು ತಿಂಗಳು ಬೇಕಾಯಿತು.

ಕೊನೆಗೆ ಭಾವನೇ ಗುಟ್ಟಾಗಿ ಫೋನ್ ಮಾಡಿದರು. "ಭಾನ್ವಾರ ನಿಮ್ಮಕ್ಕ ಒಂದು ಮುದ್ದೆ ಜಾಸ್ತಿ ಕಟ್ತಾಳೆ ಕಣ್ಲಾ. ಬಾಗ್ಲು ಕಡೀಕೆ ನೋಡ್ತಾಳೆ. ಆಮೇಕೆ ನಾಯಿಗೆ ಹಾಕ್ತಾಳೆ. ಬಂದ್ಬುಡು."

ಆ ಭಾನುವಾರವೇ ಹೋದೆ. ಅಕ್ಕ ಮಾತಾಡದೆ ತಟ್ಟೆ ಇಟ್ಟು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಕೋಳಿ ಎಲ್ಲಿ ಎಂದು ನಾನೂ ಕೇಳಲಿಲ್ಲ. ಅರ್ಧ ಊಟದಲ್ಲಿ ಅವಳೇ ಬಾಯಿಬಿಟ್ಟಳು. "ನಿನ್ ಮಾತ್ರೆ ದಿನಾ ತಗತಿದ್ದೀಯೇನ್ಲಾ?"

ಕೈಯಲ್ಲಿದ್ದ ಮುದ್ದೆಯನ್ನು ಸಾರಿನಲ್ಲಿ ಇನ್ನೊಮ್ಮೆ ಅದ್ದಿದೆ. ಭಾವ ಆಸ್ಪತ್ರೆ ಸೇರಿದ ದಿನವೇ ನಾನು ಹೆದರಿ, ಡಾಕ್ಟರಮ್ಮನನ್ನು ಒಂದು ಮಾತೂ ಕೇಳದೆ, ನನಗೆ ಚೆನ್ನಾಗಿ ಹೊಂದಿಕೊಂಡಿದ್ದ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದೆ. ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು.

ನಾಳೆಯೇ ಡಾಕ್ಟರಮ್ಮನನ್ನು ಕಾಣುತ್ತೇನೆ ಎಂದ ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದೆ ಮಾರನೆಯ ದಿನ ನನ್ನ ಜೊತೆಯಲ್ಲೇ ಬಸ್ಸು ಹತ್ತಿ ರಾಮನಗರಕ್ಕೆ ಬಂದಳು. ಕೇಳದೆ ಕೊಡುವುದೂ ತಪ್ಪು, ಕೇಳದೆ ಬಿಡುವುದೂ ತಪ್ಪು ಎಂದು ಡಾಕ್ಟರಮ್ಮ ನನಗೆ ಮೆಲ್ಲಗೆ ಬುದ್ಧಿ ಹೇಳುತ್ತಿದ್ದರು. ಪಕ್ಕದ ಕುರ್ಚಿಯಿಂದ ಅಕ್ಕ, "ಒಸಿ ಜೋರಾಗಿ ಬಯ್ಯಿ ಕಣವ್ವಾ, ಇವ್ನಿಗೆ ಮೆಲ್ಲುಗ್ ಹೇಳುದ್ರೆ ಕೇಳಕ್ಕಿಲ್ಲ" ಎಂದಳು. ಹೊರಗೆ ಕೂತಿದ್ದ ರೋಗಿಗಳೆಲ್ಲ ಒಳಗೆ ಇಣುಕಿದರು. ಅರವತ್ತೆರಡರ ಗಂಡಸು ನಾಚಿಕೆಯಿಂದ ತಲೆ ತಗ್ಗಿಸಿದ್ದಾನೆ ಎಂದು ಅವರೆಲ್ಲ ಅಂದುಕೊಂಡಿರಬೇಕು. ನಾನು ನಗು ಮುಚ್ಚಿಕೊಳ್ಳುತ್ತಿದ್ದೆ.