ಖಾಲಿಯಾಗದ ಎಲೆ

"ನೋಡೇ ಮಂಗಳಾ, ಇನ್ಮೇಲೆ ಈ ಲೋಕದಲ್ಲಿ ಹಸಿವು ಅನ್ನೋದೇ ಇಲ್ಲ!" ಎಂದು ಪಂಚಾಕ್ಷರಪ್ಪ ತಮ್ಮ ಹೊಸ ಗಾಜಿನ ಪೆಟ್ಟಿಗೆಯನ್ನು ಹೆಮ್ಮೆಯಿಂದ ತಟ್ಟಿದರು.

ಹೆಂಡತಿ ಸರ್ವಮಂಗಳೆಗೆ ಲೋಕಗೀಕ ಬೇಕಿರಲಿಲ್ಲ. ಮಗಳ ಮದುವೆಯಾದ ಮೇಲೆ ಬೀಗರು ಮೊದಲ ಸಲ ಊಟಕ್ಕೆ ಬರುವ ದಿನ. ಬೀಗರ ಎದುರು ಅಡುಗೆ ಸಾಲದೆ ಹೋದರೆ ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ! ಆದರೆ ಯಂತ್ರ ನೋಡದಿದ್ದರೆ ಗಂಡ ಮುನಿಸಿಕೊಂಡು ಕೂರುತ್ತಾರೆ. ಇಣುಕಿದಳು.

ಒಳಗೆ ಹೆಬ್ಬೆರಳುದ್ದದ ಜನ! ಕಂಪ್ಯೂಟರ್ ಆಟದ ಮಾಯಾರಾಜ್ಯವೊಂದಕ್ಕೆ ಪಂಚಾಕ್ಷರಪ್ಪ ಹೇಗೋ ಜೀವ ತುಂಬಿದ್ದರು. ಕೋಟೆ, ಗದ್ದೆ, ಗಡ್ಡದ ಮಾಂತ್ರಿಕ ಎಲ್ಲ ಇತ್ತು. ನಮ್ಮ ಒಂದು ನಿಮಿಷ ಅವರಿಗೆ ಒಂದು ವರ್ಷ.

"ಇಷ್ಟು ದಿನ ಗದ್ದೆ ಬೆಳೆದಷ್ಟೇ ಜನ ಇರ್ತಿದ್ರು. ಈಗ ಮಂತ್ರ ಹಾಕಿದ್ರೆ ಸಾಕು, ಎಲೆ ಮೇಲೆ ಊಟ!"

ಒಳಗೆ ಮಾಂತ್ರಿಕ ಮಂತ್ರ ಹಾಕಿದ, ಊಟ ಬಂದೇಬಿಟ್ಟಿತು! ಉಂಡರೆ ಎಲೆ ಮತ್ತೆ ತುಂಬುತ್ತಿತ್ತು. ರೈತರು ನೇಗಿಲು ಬಿಸಾಕಿ ಕವಿಗಳಾದರು. ಮದುವೆ ಮೇಲೆ ಮದುವೆ, ತೊಟ್ಟಿಲ ಮೇಲೆ ತೊಟ್ಟಿಲು! ಪಕ್ಕದ ರಾಜ್ಯದವರೂ ಗಂಟುಮೂಟೆ ಕಟ್ಟಿಕೊಂಡು ಬಂದರು. ಜಾಗ ಸಾಲದೆ ಕೋಟೆಗೋಡೆಯ ಮೇಲೆ ಕಾಲು ಇಳಿಬಿಟ್ಟು ಉಣ್ಣತೊಡಗಿದರು.

ಹೆಂಡತಿ ಸರಿಯಾಗಿ ನೋಡಲೆಂದು ಪಂಚಾಕ್ಷರಪ್ಪ ಗುಂಡಿಯೊತ್ತಿ ಅವರ ಕಾಲದ ಓಟವನ್ನು ನಮ್ಮಷ್ಟಕ್ಕೇ ಇಳಿಸಿದರು. ಸರ್ವಮಂಗಳೆ ಒಬ್ಬನ ಎಲೆಯನ್ನು ದಿಟ್ಟಿಸಿದಳು. ಉಗುರಿನಷ್ಟು ಹೋಳಿಗೆ ಚೂರು, ಅಂಚು ಸ್ವಲ್ಪ ಸೀದಿದೆ. ಅದು ಬೆಳಿಗ್ಗೆ ಅವಳೇ ಸೀಯಿಸಿದ್ದು!

ಅಡುಗೆಮನೆಗೆ ಓಡಿದಳು. ಅರ್ಧ ಹೋಳಿಗೆ ಮಾಯ! ಚಿತ್ರಾನ್ನ ಕಣ್ಣೆದುರೇ ಇಳಿಯುತ್ತಿತ್ತು.

"ಏನ್ರೀ ಇದು?"

"ಮಂತ್ರ ಅಂದ್ರೂ ಅನ್ನ ಎಲ್ಲಿಂದಾದ್ರೂ ಬರ್ಬೇಕಲ್ವೇನೇ? ಹತ್ತಿರದ ಅಡುಗೆಮನೆಯಿಂದ..."

"ಮೊದ್ಲು ಆರಿಸ್ರೀ ಅದನ್ನ!"

"ಆರಿಸಿದ್ರೆ ಅಷ್ಟೂ ಜನ ಸತ್ತೋಗ್ತಾರೆ ಕಣೇ!"

ಸ್ವಿಚ್ಚಿಗೆ ಹೋದ ಅವಳ ಕೈ ನಿಂತಿತು. ಒಳಗೊಬ್ಬ ತಾಯಿ ಕೂಸಿಗೆ ತುತ್ತಿಡುತ್ತಿದ್ದಳು. ಹಾಳಾದ್ದು ಹೆಣ್ಣಿನ ಕರುಳು!

"ಬೇರೆ ದಾರಿ ಇಲ್ವಾ?"

"ನಮ್ಮನೆ ಪದ್ಧತೀನೇ ಮಂತ್ರಕ್ಕೆ ಹಾಕಿದೀನಿ. ಖಾಲಿ ಎಲೆ ಕಂಡ್ರೆ ಬಡಿಸ್ಬೇಕು. ಮಡಿಸಿದ್ರೆ ಮಾತ್ರ ನಿಲ್ಲಿಸ್ಬೇಕು."

"ಮಡಿಸೋದು ಅವರಿಗೆ ಹೇಳ್ಕೊಟ್ರಾ?"

"ಅದೊಂದು ಮರ್ತೇಹೋಯ್ತು ಕಣೇ!"

ಹೊರಗೆ ಬೀಗರ ಕಾರಿನ ಹಾರ್ನ್! ಸರ್ವಮಂಗಳೆ ಬಾಳೆಲೆ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಕೂತಳು. ಉಂಡಂತೆ ನಟಿಸಿದಳು, ಜೋರಾಗಿ ತೇಗಿದಳು, ಎಲೆ ಮಡಿಸಿದಳು. ಒಳಗೊಬ್ಬ ಅಜ್ಜಿ ಅದನ್ನು ನೋಡಿ ತಾನೂ ಮಡಿಸಿದಳು. ಮೊಮ್ಮಕ್ಕಳು ಮಡಿಸಿದರು. ಬೀದಿಗೆ ಬೀದಿಯೇ ಮಡಿಸಿತು! ಚಿತ್ರಾನ್ನ ಇಳಿಯುವುದು ನಿಂತಿತು. ಕವಿಗಳು ಗೊಣಗುತ್ತಾ ನೇಗಿಲು ಹುಡುಕಲು ಹೊರಟರು.

ಉಳಿದ ಅಡುಗೆ ಬೀಗರಿಗೆ ಸರಿಹೋಯಿತು. ಬೀಗತಿ ಎರಡನೇ ಹೋಳಿಗೆಯನ್ನೂ ಹಾಕಿಸಿಕೊಂಡರು! ಸರ್ವಮಂಗಳೆಗೆ ಹೋದ ಜೀವ ಬಂದಂತಾಯಿತು.

ಆದರೆ ಮನೆ ಪದ್ಧತಿ ಎಂದರೆ ಪೂರ್ತಿ ಪದ್ಧತಿ. ಎಲೆ ಮಡಿಸಿದವರು ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋಗುವುದುಂಟೇ? ಅವಳು ತಾಂಬೂಲದ ತಟ್ಟೆ ತರುವಷ್ಟರಲ್ಲಿ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಹೆಬ್ಬೆರಳುದ್ದದ ಸಾವಿರಾರು ಜನ ನಡುಮನೆಯ ತುಂಬ ಸಾಲುಗಟ್ಟಿ ಕೈ ಚಾಚಿ ನಿಂತಿದ್ದರು!

ಬೀಗತಿ ಬೆಚ್ಚಿ ಕಾಲು ಮೇಲೆತ್ತಿಕೊಂಡರು. "ಇವರೆಲ್ಲ ಯಾರ್ರೀ?"

"ನಮ್ಮ ಯಜಮಾನರ ಕಡೆಯವರು," ಎಂದಳು ಸರ್ವಮಂಗಳೆ, ವೀಳ್ಯದೆಲೆಯನ್ನು ಚೂರು ಮಾಡುತ್ತಾ. "ಯೋಚನೆ ಮಾಡ್ಬೇಡಿ, ಅವರದ್ದೆಲ್ಲ ಊಟ ಆಗಿದೆ."