ತಕ್ಕಡಿ ಸಾಹೇಬರ ತಲೆಭಾರದ ರಾಕೆಟ್

ಆ ಊರಿನ ಜನರ ಮೇಲೆ ತಕ್ಕಡಿ ಸಾಹೇಬರಿಗೆ ಒಂದೇ ಒಂದು ದೂರಿತ್ತು. ಅಲ್ಲಿ ಯಾರೂ ಅವರ ಜೊತೆ ಜಗಳವಾಡುತ್ತಿರಲಿಲ್ಲ.

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಅವರು ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಅವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯವರೆಗೂ ಅಂಗಡಿಗಳಲ್ಲಿ ಮಾತು ನಿಲ್ಲುತ್ತಿತ್ತು, ತಕ್ಕಡಿಗಳು ಮಾತ್ರ ಅಲುಗಾಡುತ್ತಿದ್ದವು. ಚಹಾದಂಗಡಿಯಲ್ಲಿ ಬೆಂಚಿನ ಮೇಲೆ ಕೂತರೆ ಪಕ್ಕದಲ್ಲಿದ್ದವರು ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ನುಂಗಿ, ನಾಲಿಗೆ ಸುಟ್ಟುಕೊಂಡು, "ಬರ್ತೀನಿ ಸಾರ್" ಎಂದು ಎದ್ದು ಹೋಗುತ್ತಿದ್ದರು. ಉದ್ದನೆಯ ಬೆಂಚಿನ ನಡುವೆ ಒಬ್ಬರೇ ಕೂತು ಲೋಟ ಊದುವ ಸಾಹೇಬರನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. (ಅನ್ನಿಸುತ್ತಿರಲಿಲ್ಲ. ಅವರು ಹಿಂದಿನ ವಾರವಷ್ಟೇ ಆ ಚಹಾದಂಗಡಿಯ ಹಾಲಿನ ಅಳತೆಪಾತ್ರೆಯನ್ನು ಜಪ್ತಿ ಮಾಡಿದ್ದರು.)

ಮನೆಯಲ್ಲಿ ಜಗಳಕ್ಕೆ ಹೆಂಡತಿ ಇದ್ದಳಲ್ಲ ಎನ್ನಬಹುದು. ಇದ್ದಳು. ಆದರೆ ಅಲ್ಲೂ ಇಲಾಖೆಯೇ ನುಗ್ಗುತ್ತಿತ್ತು.

"ಅರ್ಧ ಕೆಜಿ ಹುರುಳಿಕಾಯಿ ಕೇಳಿದ್ರೆ ಐನೂರ ನಲವತ್ತು ಗ್ರಾಂ ಕೊಟ್ಟಿದಾನೆ. ಹೋಗಿ ನಲವತ್ತು ಗ್ರಾಂ ವಾಪಸ್ ಕೊಟ್ಟು ಬಾ."

"ಹನ್ನೊಂದು ಹುರುಳಿಕಾಯಿ ಕೈಯಲ್ಲಿ ಹಿಡ್ಕೊಂಡು ಬೀದೀಲಿ ಹೋಗ್ಲಾ? ನೋಡಿದವರು ಏನಂದ್ಕೋತಾರೆ?"

"ಪ್ರಾಮಾಣಿಕರು ಅಂದ್ಕೋತಾರೆ."

"ತಲೆ ಕೆಟ್ಟಿದೆ ಅಂದ್ಕೋತಾರೆ. ಈಗಾಗ್ಲೇ ಅಂದ್ಕೊಂಡಾಗಿದೆ ಬಿಡಿ."

ಪಕ್ಕದ ಮನೆಯಾಕೆ ಕೂಡ ಅವಳೊಂದಿಗೆ ಬಾಗಿಲಲ್ಲೇ ಎರಡು ಮಾತಾಡಿ ಮುಗಿಸುತ್ತಿದ್ದಳು. ಅವರದು ಎಣ್ಣೆ ಅಂಗಡಿ.

ಹೀಗಿರುವಾಗ ಒಂದು ಸಂಜೆ ಕಚೇರಿಯಿಂದ ಬರುತ್ತಾ ಸಾಹೇಬರು ಪುರಸಭೆಯ ಹಾಲ್‌ನ ಕಿಟಕಿಯ ಬಳಿ ನಿಂತರು. ಒಳಗೆ ಅಂಗಡಿಯವರು ಬ್ಯಾಡ್ಮಿಂಟನ್ ಆಡುತ್ತಿದ್ದರು. ದಿನಸಿ ಅಂಗಡಿಯ ಮಾಲೀಕರು ಶಟಲ್ ಹಿಂದೆ ಓಡಿ, ಕಾಲು ಜಾರಿ, ನೆಲ ಅದುರುವಂತೆ ಬಿದ್ದರು. ಆಟದ ಸಾಮಾನಿನ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಏಳೋ ಡ್ರಮ್ಮು, ಕೋರ್ಟು ತಗ್ಗು ಬಿತ್ತು!" ಎಂದರು. ಬಿದ್ದವರು ಬಿದ್ದಲ್ಲಿಂದಲೇ ಬೈದರು. ಆಮೇಲೆ ಇಬ್ಬರೂ ಒಂದೇ ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡರು.

ಸಾಹೇಬರು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದರು. ತಮಗೆ ಯಾರಾದರೂ 'ಏಳೋ' ಅಂದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿದರು. ಶಾಲೆ ಬಿಟ್ಟ ಮೇಲೆ ಇಲ್ಲ.

ಆ ಕ್ಷಣದಲ್ಲೇ ಮಹಾಸಂಕಲ್ಪ ಜನಿಸಿತು: ತಾವೂ ಆಡಬೇಕು.

ಬೇರೆ ಯಾರಾದರೂ ಆಗಿದ್ದರೆ ಮರುದಿನ ಒಂದು ರಾಕೆಟ್ ಕೊಂಡು ಹೋಗಿ ನಿಲ್ಲುತ್ತಿದ್ದರು. ಸಾಹೇಬರು ಅಳೆದೂ ಸುರಿದೂ ಬದುಕಿದವರು. ಮೊದಲು ಓದಿದರು. ಮೂರು ಸಂಜೆ ಕೂತು ಓದಿ ತಿಳಿದ ಸಾರಾಂಶವಿಷ್ಟು: ರಾಕೆಟ್‌ಗಳಲ್ಲಿ ಮೂರು ಜಾತಿ. ತಲೆ ಭಾರವಾದದ್ದು ಮೇಲಿನಿಂದ ಬಾರಿಸುವ ಆಕ್ರಮಣಕಾರಿಗೆ. ತಲೆ ಹಗುರವಾದದ್ದು ಬಂದದ್ದನ್ನು ಚುರುಕಾಗಿ ತಡೆಯುವ ರಕ್ಷಣಾಕಾರಿಗೆ. ಎರಡೂ ಕಡೆ ಸಮತೂಕದ್ದು ಇನ್ನೂ ತಾನ್ಯಾರೆಂದು ತಿಳಿಯದವನಿಗೆ. ಕೈಯಲ್ಲಿ ಕಡಿಮೆ ಹಣ ಇರುವವನು ಒಂದೇ ಸಲ ಕೊಳ್ಳಬಲ್ಲನಾದ್ದರಿಂದ, ಮೊದಲು ತನ್ನ ಆಟದ ಶೈಲಿ ಯಾವುದೆಂದು ಅರಿಯಬೇಕು, ಆಮೇಲೆ ಜೇಬಿಗೆ ಕೈ ಹಾಕಬೇಕು. ಈ ಕೊನೆಯ ಮಾತು ಸಾಹೇಬರಿಗೆ ವೇದವಾಕ್ಯದಂತೆ ಕಂಡಿತು.

ಸರಿ, ಹಾಲ್‌ನ ಮೂಲೆಯಲ್ಲಿ ಬಿದ್ದಿದ್ದ, ಮೂರು ತಂತಿ ಕಿತ್ತುಹೋದ ಹಳೆಯ ರಾಕೆಟ್ ಹಿಡಿದು ಅವರು ಶೈಲಿ ಶೋಧನೆಗೆ ಇಳಿದರು. ಅವರು ಬಾಗಿಲಲ್ಲಿ ಕಾಣಿಸಿದ ದಿನ ಆಡುತ್ತಿದ್ದ ನಾಲ್ವರು ಅಂಗಡಿಯವರೂ ಹಾವು ಕಂಡ ಕಪ್ಪೆಗಳಂತೆ ನಿಂತುಬಿಟ್ಟರು.

"ಸಾರ್... ಇಲ್ಲಿ ತಕ್ಕಡಿ ಏನೂ ಇಲ್ಲ ಸಾರ್" ಎಂದರು ದಿನಸಿಯವರು.

"ಆಡೋಕೆ ಬಂದೆ."

"ಓ, ಬನ್ನಿ ಬನ್ನಿ. ನಿಮ್ದೇ ಕೋರ್ಟು."

ಮೊದಲ ಪಂದ್ಯವನ್ನು ಸಾಹೇಬರು ಇಪ್ಪತ್ತೊಂದು-ಎರಡರಲ್ಲಿ ಗೆದ್ದರು. ಮರುದಿನ ಇಪ್ಪತ್ತೊಂದು-ಒಂದು. ಅವರು ಎತ್ತಿ ಬಾರಿಸಿದರೆ ಸಾಕು, ಶಟಲ್ ತಂತಿಗೆ ತಗಲಲಿ, ಚೌಕಟ್ಟಿಗೆ ತಗಲಲಿ, ಎದುರಿನವರ ಕೈಗೆ ಸಿಗುತ್ತಿರಲಿಲ್ಲ. ಒಮ್ಮೆ ಅದು ಗಾಳಿಯಲ್ಲಿ ತೇಲುತ್ತಾ, ಯೋಚಿಸುತ್ತಾ, ದಿನಸಿಯವರ ಮೂಗಿನ ನೇರಕ್ಕೆ ಇಳಿಯಿತು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಏನ್ ವೇಗ ಸಾರ್! ಕಣ್ಣಿಗೇ ಕಾಣ್ಲಿಲ್ಲ!"

ಸಾಹೇಬರು ಮೂರು ವಾರ ಪ್ರತಿ ಹೊಡೆತವನ್ನೂ ನೋಟ್‌ಬುಕ್ಕಿನಲ್ಲಿ ದಾಖಲಿಸಿದರು. ನೂರು ಸ್ಮ್ಯಾಷ್‌ಗಳಲ್ಲಿ ತೊಂಬತ್ತನಾಲ್ಕು ಯಶಸ್ವಿ. ಅಂಕಿ-ಅಂಶ ಸುಳ್ಳು ಹೇಳುವುದಿಲ್ಲ. ಅವರು ಹೆಂಡತಿಯನ್ನು ಕರೆದು ಗಂಭೀರವಾಗಿ ಹೇಳಿದರು: "ಕೇಳು, ನಾನು ಆಕ್ರಮಣಕಾರಿ."

ಹೆಂಡತಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. "ಯಾರು, ನೀವಾ? ಸೊಳ್ಳೆ ಬ್ಯಾಟಲ್ಲಿ ಒಂದು ಸೊಳ್ಳೆ ಹೊಡೆಯೋಕೆ ಮೂರು ದಿನ ತಗೊಂಡೋರು?"

"ಸೊಳ್ಳೆ ಬೇರೆ, ಶಟಲ್ ಬೇರೆ."

"ಹೌದು. ಸೊಳ್ಳೆಗೆ ನಿಮ್ಮ ಇಲಾಖೆ ಗೊತ್ತಿರಲಿಲ್ಲ."

ಈ ಮಾತಿನ ಅರ್ಥ ಸಾಹೇಬರಿಗೆ ಆಗಲಿಲ್ಲ. ಆಗಿದ್ದರೆ ಈ ಕಥೆ ಇಲ್ಲೇ ಮುಗಿದು ಅವರ ಭುಜವೂ ಉಳಿಯುತ್ತಿತ್ತು. "ಏನಾದ್ರೂ ಕೊಳ್ಳಿ, ಮಿಕ್ಸಿ ರಿಪೇರಿಗೆ ಇಟ್ಟಿರೋ ದುಡ್ಡನ್ನ ಮುಟ್ಬೇಡಿ" ಎಂದು ಆಕೆ ಬಜೆಟ್ ಮಂಡಿಸಿ ಮುಗಿಸಿದಳು.

ಆಟದ ಸಾಮಾನಿನ ಅಂಗಡಿಯೊಳಗೆ ಸಾಹೇಬರು ಕಾಲಿಟ್ಟಾಗ ಮಾಲೀಕರು ಗಲ್ಲಾದಿಂದ ಎದ್ದು, ಕೇಳುವ ಮೊದಲೇ ಪರವಾನಗಿ ಪತ್ರ ತೆಗೆದು ಮೇಜಿನ ಮೇಲಿಟ್ಟರು.

"ಅದು ಬೇಡ. ರಾಕೆಟ್ ಬೇಕು. ತಲೆ ಭಾರ ಇರಬೇಕು, ಕೋಲು ಗಟ್ಟಿ ಇರಬೇಕು, ಬೆಲೆ ಹಗುರ ಇರಬೇಕು."

ಮಾಲೀಕರು ಐದು ರಾಕೆಟ್ ಹರಡಿದರು. ಸಾಹೇಬರು ಚೀಲದಿಂದ ಇಲಾಖೆಯ ಪುಟ್ಟ ತಕ್ಕಡಿ ತೆಗೆದು ಒಂದೊಂದನ್ನೂ ತೂಗಿದರು. ಚೀಟಿಯಲ್ಲಿ ಎಂಬತ್ತೈದು ಗ್ರಾಂ ಎಂದಿದ್ದದ್ದು ಎಂಬತ್ತೇಳು ಬಂದಾಗ ಮಾಲೀಕರ ಹಣೆಯಲ್ಲಿ ಬೆವರು ಒಡೆಯಿತು. ಆಮೇಲೆ ಪ್ರತಿ ರಾಕೆಟ್ಟನ್ನೂ ತೋರುಬೆರಳಿನ ಮೇಲೆ ಅಡ್ಡ ಇಟ್ಟು, ಅದು ಎಲ್ಲಿ ನಿಲ್ಲುತ್ತದೆಂದು ಅಳತೆಪಟ್ಟಿಯಿಂದ ಅಳೆದರು. ನಾಲ್ಕನೆಯದು ತಲೆಯ ಕಡೆಗೆ ಚೆನ್ನಾಗಿ ವಾಲಿತು.

ಅದನ್ನು ಕಂಡು ಮಾಲೀಕರೊಳಗಿದ್ದ ಆಟಗಾರ ಒಂದು ಗಳಿಗೆ ಭಯ ಮರೆತ. "ಸಾರ್, ಒಂದು ಮಾತು. ಹೊಸದಾಗಿ ಆಡೋರಿಗೆ ಇದು ಆಗಲ್ಲ. ಕೈ ಎತ್ತೋದ್ರೊಳಗೆ ಶಟಲ್ ದಾಟಿ ಹೋಗಿರುತ್ತೆ, ಭುಜ ಹಿಡ್ಕೊಳ್ಳುತ್ತೆ. ಇಗೋ ಈ ಸಮತೂಕದ್ದು ತಗೊಳ್ಳಿ, ಕೋಲು ಸ್ವಲ್ಪ ಬಳುಕುತ್ತೆ, ತಂತಿ ಬಿಗಿ ಕಮ್ಮಿ ಹಾಕ್ಕೊಡ್ತೀನಿ. ಬೆಲೆನೂ ಇದಕ್ಕೇ ಕಮ್ಮಿ."

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ನೀವು ನನ್ನ ಜೊತೆ ಆಡಿದೀರಲ್ಲ. ನನ್ನ ಸ್ಮ್ಯಾಷ್ ಒಂದನ್ನಾದ್ರೂ ತಿರುಗಿಸಿದ್ರಾ?"

ಮಾಲೀಕರು ಪರವಾನಗಿ ಪತ್ರದ ಕಡೆ ನೋಡಿದರು. "ಇಲ್ಲ ಸಾರ್."

"ಮತ್ತೆ?"

"ತಲೆಭಾರದ್ದೇ ಕಟ್ಟಿಕೊಡ್ತೀನಿ ಸಾರ್."

ಹೊಸ ರಾಕೆಟ್ ಬಂದ ವಾರ ಸಾಹೇಬರು ಎಲ್ಲರನ್ನೂ ಸೋಲಿಸಿದರು. ಆದರೂ ಏನೋ ಕೊರತೆ. ಅವರು ಬಂದ ಮೇಲೆ ಹಾಲ್‌ನಲ್ಲಿ ಯಾರೂ ಬೀಳುತ್ತಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ಅವರಿಗೆ ಮಾತ್ರ ಒಗೆದು ಮಡಿಸಿದ ಬೇರೆ ಟವೆಲ್ ಕೊಡುತ್ತಿದ್ದರು. ಪ್ರತಿಭೆಗೆ ಸಲ್ಲುವ ಒಂಟಿತನ ಇದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು, ಸಾಕ್ಷಿಗೆಂದು ಹೆಂಡತಿಯನ್ನು ಕರೆದೊಯ್ದರು.

ಆಕೆ ಬೆಂಚಿನ ಮೇಲೆ ಕೂತು ಒಂದು ಪಂದ್ಯ ನೋಡಿದಳು. ದಿನಸಿಯವರು ನಿಧಾನಕ್ಕೆ ತೇಲಿ ಬಂದ ಶಟಲ್‌ಗೆ ಒಂದು ಮೊಳ ದೂರದಲ್ಲಿ ಗಾಳಿ ಬೀಸಿದ್ದನ್ನು ನೋಡಿದಳು. ಆಟದ ಸಾಮಾನಿನವರು ತಮ್ಮ ಕಡೆ ಬಂದದ್ದಕ್ಕೆ ಬೆನ್ನು ತಿರುಗಿಸಿ ಶೂ ದಾರ ಕಟ್ಟಿಕೊಂಡಿದ್ದನ್ನೂ ನೋಡಿದಳು. ಆಮೇಲೆ ಎದ್ದು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮೂಲೆಯ ಹಳೆಯ ರಾಕೆಟ್ ಎತ್ತಿಕೊಂಡಳು.

"ಅಕ್ಕಾ, ಬೇಡ" ಎಂದರು ದಿನಸಿಯವರು, ಗಾಬರಿಯಿಂದ.

"ಬನ್ರೀ, ನನ್ನ ಜೊತೆ ಆಡಿ" ಎಂದಳು ಆಕೆ ಗಂಡನಿಗೆ.

ಆಕೆ ದೊಡ್ಡ ಆಟಗಾರ್ತಿಯೇನಲ್ಲ. ಬಂದದ್ದನ್ನು ವಾಪಸ್ ಕಳಿಸಿದಳು, ಅಷ್ಟೇ. ಆದರೆ ಆ ಹಾಲ್‌ನಲ್ಲಿ ಸಾಹೇಬರ ಕಡೆಗೆ ಶಟಲ್ ವಾಪಸ್ ಬಂದದ್ದು ಅದೇ ಮೊದಲು. ಅವರು ಬೆಚ್ಚಿ ರಾಕೆಟ್ ಎತ್ತಿದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಕೈ ಮುಂದೆ ಬಂದರೆ ರಾಕೆಟ್ಟಿನ ತಲೆ ಹಿಂದೆಯೇ ಉಳಿಯಿತು. ಅದು ಮುಂದೆ ಬರುವ ಹೊತ್ತಿಗೆ ಶಟಲ್ ಕಾಲಬುಡದಲ್ಲಿ ಮಲಗಿತ್ತು. ಹತ್ತನೇ ಪಾಯಿಂಟಿಗೆ ಭುಜ ಹಿಡಿಯಿತು. ಹದಿನೈದನೆಯದಕ್ಕೆ ಎಡವಿ ಮೊಣಕಾಲೂರಿದರು. ಯಾರೂ ನಗಲಿಲ್ಲ.

ಇಪ್ಪತ್ತೊಂದು-ಮೂರು.

ಮನೆಗೆ ನಡೆಯುವಾಗ ಸಾಹೇಬರು ಕೇಳಿದರು, "ಎಲ್ಲಾ ಬೇಕು ಅಂತಲೇ ಸೋಲ್ತಿದ್ರಾ?"

"ಮತ್ತೇನು? ಮೂರು ವರ್ಷದಿಂದ ನಂಗೆ ನಲವತ್ತು ಗ್ರಾಂ ಜಾಸ್ತಿ ಕೊಡೋ ಜನ, ನಿಮಗೆ ಇಪ್ಪತ್ತು ಪಾಯಿಂಟ್ ಕೊಡೋದು ಕಷ್ಟನಾ?"

ಮರುದಿನ ಬೆಳಿಗ್ಗೆ ಕಚೇರಿಯ ಮುಂದೆ ಅಂಗಡಿಯವರ ಸಾಲು ಕಂಡು ಸಾಹೇಬರ ಎದೆ ಹಿಗ್ಗಿತು. ಸುಳ್ಳು ಬಯಲಾಯಿತಲ್ಲ, ನಿಜವಾಗಿ ಆಡೋಣ ಬನ್ನಿ ಎನ್ನಲು ಬಂದಿದ್ದಾರೆ! ಹತ್ತಿರ ಹೋಗಿ ನೋಡಿದರೆ ಪ್ರತಿಯೊಬ್ಬರೂ ತಮ್ಮ ತಕ್ಕಡಿ, ತೂಕದ ಬಟ್ಟು, ಅಳತೆಗೋಲು ಹೊತ್ತು ನಿಂತಿದ್ದರು. ಅವಮಾನವಾದ ಅಧಿಕಾರಿ ಇನ್ನು ದಾಳಿ ಮಾಡದೆ ಬಿಡುವುದಿಲ್ಲವೆಂದು, ಅವಧಿಗೆ ನಾಲ್ಕು ತಿಂಗಳು ಮೊದಲೇ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಲು ಬಂದಿದ್ದರು.

ಸಾಲಿನ ತಲೆಯಲ್ಲಿದ್ದ ದಿನಸಿಯವರನ್ನು ಸಾಹೇಬರು ಪಕ್ಕಕ್ಕೆ ಕರೆದರು. "ನೋಡಿ, ನಂಗೆ ಕೋಪ ಇಲ್ಲ. ಸಂಜೆ ಬನ್ನಿ. ನನ್ನ ಜೊತೆ ಒಂದೇ ಒಂದು ಪಂದ್ಯ, ಸರಿಯಾಗಿ ಆಡಿ. ಸೋಲಿಸಿ. ಬೇಕಾದ್ರೆ ಬೈಯಿರಿ."

ದಿನಸಿಯವರ ಮುಖದಲ್ಲಿ ಮೊದಲ ಬಾರಿಗೆ ಕರುಣೆಯಂಥದ್ದು ಕಂಡಿತು. ಅವರು ತಕ್ಕಡಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ, ಮನಸ್ಸಿನಾಳದಿಂದ ಹೇಳಿದರು, "ಖಂಡಿತ ಸಾರ್. ನಿಮಗೆ ವರ್ಗ ಆಗ್ಲಿ, ಅವತ್ತೇ ಬಂದು ಆಡ್ತೀನಿ."

ಸಂಜೆ ಸಾಹೇಬರು ಊಟದ ಮೇಜಿನ ಮೇಲೆ ಬಿಳಿಹಾಳೆ ಹರಡಿ ವರ್ಗಾವಣೆಯ ಅರ್ಜಿ ಬರೆಯತೊಡಗಿದರು. 'ಕಾರಣ' ಎಂಬಲ್ಲಿ ಬಂದು ಪೆನ್ನು ನಿಂತಿತು. ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು.

"ಹೊಸ ಊರಲ್ಲಿ ತಕ್ಕಡಿ ಇರಲ್ವೇನ್ರೀ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಾಹೇಬರು ಏಳು ಊರು ಕಂಡಿದ್ದರು. ಏಳರಲ್ಲೂ ಇತ್ತು.

"ಏಳಿ, ಹಾಲ್‌ಗೆ ಹೋಗೋಣ. ಇವತ್ತು ಯಾರೂ ಬಂದಿರಲ್ಲ, ಕೋರ್ಟು ಪೂರ್ತಿ ನಮ್ದೇ."

ನಿಜಕ್ಕೂ ಯಾರೂ ಬಂದಿರಲಿಲ್ಲ. ದೀಪ ಹಾಕಿ ಇಬ್ಬರೇ ಆಡಿದರು. ಶಟಲ್ ನೆಲಕ್ಕೆ ಬಿದ್ದಾಗಲೆಲ್ಲ ಖಾಲಿ ಹಾಲ್‌ನಲ್ಲಿ ಟಪ್ ಎಂದು ಕೇಳುತ್ತಿತ್ತು. ಅದು ಬೀಳುತ್ತಿದ್ದದ್ದು ಹೆಚ್ಚಾಗಿ ಒಂದೇ ಕಡೆ. ಆದರೂ ಕೊನೆಗೆ ಲೆಕ್ಕ ಇಪ್ಪತ್ತೊಂದು-ನಾಲ್ಕು ಆಯಿತು. ನಿನ್ನೆಗಿಂತ ಒಂದು ಹೆಚ್ಚು! ಆ ನಾಲ್ಕನೆಯದು ಅಪ್ಪಟ ಸ್ಮ್ಯಾಷ್, ಗೆರೆಯ ಒಳಗೇ ಬಿದ್ದಿತ್ತು. ಸಾಹೇಬರು ಭುಜ ನೀವಿಕೊಳ್ಳುತ್ತಾ, ಹಗುರವಾದ ಮನಸ್ಸಿನಿಂದ ಮೆಟ್ಟಿಲಿಳಿದರು. ಮೂರನೇ ಮೆಟ್ಟಿಲಲ್ಲಿ ಅವರಿಗೊಂದು ಸಂದೇಹ ಬಂತು.

"ಏ, ನಿಜ ಹೇಳು. ಆ ನಾಲ್ಕನೇ ಪಾಯಿಂಟ್... ನೀನು ಬಿಟ್ಟುಕೊಟ್ಟಿದ್ದಲ್ಲ ತಾನೇ?"

ಹೆಂಡತಿ ಮೆಟ್ಟಿಲ ಬುಡದಲ್ಲಿ ಕಣ್ಣೆದುರೇ ಇದ್ದ ಚಪ್ಪಲಿಯನ್ನು ಹುಡುಕತೊಡಗಿದಳು.

"ಛೇ, ಇಲ್ರೀ" ಎಂದಳು. "ರಾಕೆಟ್ ತುಂಬಾ ಚೆನ್ನಾಗಿದೆ."